ಸುಲಭವಾಗಿ ಕುಣಿತ ಒಲಿಯದ ಹುಡುಗಿ ಜಗತ್ತಿಗೆ ಬ್ಯಾಲೆ ಕಲಿಸಿದ ಕಥೆ: ಅಗ್ರಿಪಿನಾ ವಗಾನೋವಾ

ನಮ್ಮ ತಾಲ್ಲೂಕಿನಲ್ಲಿ ಸಂಜೆ ಅಂಗಡಿ ಬಾಗಿಲಲ್ಲಿ ಕೂತು ನೋಡಿ. ಗೆಜ್ಜೆ ಚೀಲ ಹಿಡಿದು ಡ್ಯಾನ್ಸ್ ಕ್ಲಾಸಿಗೆ ಹೋಗೋ ಮಕ್ಕಳು ಕಾಣ್ತಾರೆ. ಪರೀಕ್ಷೆ ಹತ್ತಿರ ಬಂತು ಅಂದ್ರೆ ಮಗುವಿಗಿಂತ ಅಪ್ಪ ಅಮ್ಮನಿಗೇ ಟೆನ್ಷನ್. ಪಕ್ಕದ ಮನೆ ಹುಡುಗಿಗೆ ಬಂದಿದ್ದು ನಮ್ಮ ಹುಡುಗಿಗೆ ಯಾಕೆ ಬರ್ತಿಲ್ಲ ಅನ್ನೋ ಚಿಂತೆ ಬಹಳ ಮನೆಗಳಲ್ಲಿದೆ.

ಈ ಚಿಂತೆ ಹೊಸದಲ್ಲ. ನೂರಮೂವತ್ತು ವರ್ಷಗಳ ಹಿಂದೆ ರಷ್ಯಾದ ರಾಜಧಾನಿಯಲ್ಲಿ ಒಬ್ಬ ಹುಡುಗಿ ಇದೇ ಕಷ್ಟ ಅನುಭವಿಸಿದ್ದಳು. ಅವಳು ಕಲಿಯುತ್ತಿದ್ದದ್ದು ಭರತನಾಟ್ಯ ಅಲ್ಲ, ಬ್ಯಾಲೆ. ಮೈಕಟ್ಟು ಅದಕ್ಕೆ ಒಗ್ಗುತ್ತಿರಲಿಲ್ಲ. ಆದರೆ ಇವತ್ತು ಪ್ರಪಂಚದ ಯಾವ ಮೂಲೆಯಲ್ಲಿ ಬ್ಯಾಲೆ ಕಲಿಸಿದರೂ ಅವಳ ಹೆಸರು ಗೊತ್ತಿಲ್ಲದ ಶಿಕ್ಷಕರು ಸಿಗೋದು ಕಷ್ಟ. ಆಕೆಯೇ ಅಗ್ರಿಪಿನಾ ವಗಾನೋವಾ.

ಟಿಕೆಟ್ ನೋಡಿ ಸೀಟು ತೋರಿಸುವವನ ಮಗಳು

ಅಗ್ರಿಪಿನಾ ಹುಟ್ಟಿದ್ದು 1879ರ ಜೂನ್ 26ರಂದು, ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ಆಗ ಅಲ್ಲಿ ಝಾರ್ ಚಕ್ರವರ್ತಿಗಳ ಆಳ್ವಿಕೆ. ತಂದೆ ಆರ್ಮೇನಿಯಾ ಮೂಲದವರು, ಹಿಂದೆ ಸೈನ್ಯದಲ್ಲಿದ್ದವರು. ಆಮೇಲೆ ಮರಿನ್‌ಸ್ಕಿ ಅನ್ನೋ ದೊಡ್ಡ ರಂಗಮಂದಿರದಲ್ಲಿ ಕೆಲಸಕ್ಕೆ ಸೇರಿದರು. ಕೆಲಸ ಏನಪ್ಪಾ ಅಂದ್ರೆ, ಬಂದ ಪ್ರೇಕ್ಷಕರನ್ನು ಅವರವರ ಸೀಟಿಗೆ ಕರೆದುಕೊಂಡು ಹೋಗಿ ಕೂರಿಸೋದು. ನಮ್ಮ ಟಾಕೀಸುಗಳಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುತ್ತಿದ್ದರಲ್ಲ, ಹೆಚ್ಚುಕಮ್ಮಿ ಹಾಗೆ.

ಮನೆಯಲ್ಲಿ ದುಡ್ಡಿನ ಅನುಕೂಲ ಇರಲಿಲ್ಲ. ಹೀಗಾಗಿ ಚಕ್ರವರ್ತಿಯ ಬ್ಯಾಲೆ ಶಾಲೆಗೆ ಮಗಳು ಸೇರೋದು ಅಂದ್ರೆ ಕಲೆಯ ಮಾತು ಮಾತ್ರ ಆಗಿರಲಿಲ್ಲ, ಬದುಕಿನ ಮಾತೂ ಆಗಿತ್ತು. 1738ರಲ್ಲಿ ಶುರುವಾದ ಆ ಶಾಲೆಯಲ್ಲಿ ಆಯ್ಕೆಯಾಗಿ ನೆಲೆನಿಂತ ಮಕ್ಕಳಿಗೆ ಊಟ, ಬಟ್ಟೆ, ವಸತಿ ಎಲ್ಲ ಸರ್ಕಾರದ್ದೇ. ಕಲಿತು ಹೊರಬಂದರೆ ರಂಗಮಂದಿರದಲ್ಲಿ ಸಂಬಳದ ಕೆಲಸ. ಇಪ್ಪತ್ತು ವರ್ಷ ದುಡಿದರೆ ಪಿಂಚಣಿ.

ಆದರೆ ಒಳಗೆ ಹೋಗೋದು ಸುಲಭ ಇರಲಿಲ್ಲ. ಹತ್ತು ವರ್ಷದ ಆಸುಪಾಸಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೈಕಟ್ಟು ನೋಡುತ್ತಿದ್ದರು. ನಡೆಸಿ, ಓಡಿಸಿ ನೋಡುತ್ತಿದ್ದರು. ಡಾಕ್ಟರು ಬೆನ್ನು, ಕಾಲು, ಎದೆ ಪರೀಕ್ಷೆ ಮಾಡುತ್ತಿದ್ದರು. ಸ್ವರ ಹಾಡಿಸಿ ಕಿವಿ ಹೇಗಿದೆ ಅಂತ ತಿಳಿದುಕೊಳ್ಳುತ್ತಿದ್ದರು. ಅಷ್ಟಾದ ಮೇಲೂ ಮೊದಲ ಒಂದು ವರ್ಷ ಪ್ರಯೋಗದ ಲೆಕ್ಕ. ವರ್ಷದ ಕೊನೆಗೆ ಪರೀಕ್ಷೆ. ಸರಿ ಅನ್ನಿಸದ ಮಗುವನ್ನು ಮನೆಗೆ ಕಳಿಸುತ್ತಿದ್ದರು.

ಅಗ್ರಿಪಿನಾ ಆಯ್ಕೆಯಾದಳು, ನಿಂತಳು. ಆದರೆ ಕಷ್ಟ ಆಮೇಲೆ ಶುರುವಾಯಿತು.

ಒಗ್ಗದ ಮೈ, ಬಿಡದ ಹಟ

ಬ್ಯಾಲೆಗೆ ಆ ಕಾಲದಲ್ಲಿ ಬಯಸುತ್ತಿದ್ದದ್ದು ಹಗುರ ಮೈ, ನೀಳ ಕೈಕಾಲು, ಮೃದುವಾದ ತೋಳು. ಅಗ್ರಿಪಿನಾ ಗಿಡ್ಡಕ್ಕಿದ್ದಳು, ಕಾಲು ದಪ್ಪ, ತೋಳು ಬಿಗಿ. ಅದೇ ಶಾಲೆಯಲ್ಲಿ ಅವಳಿಗಿಂತ ಎರಡು ವರ್ಷ ಹಿಂದೆ ಇದ್ದ ಇನ್ನೊಬ್ಬ ಬಡ ಹುಡುಗಿ ಅನ್ನಾ ಪಾವ್ಲೋವಾ. ಮುಂದೆ ಇಡೀ ಲೋಕ ಸುತ್ತಿ, ನಮ್ಮ ದೇಶಕ್ಕೂ ಬಂದು ಕುಣಿದವರು ಅವರೇ. ಪಾವ್ಲೋವಾ ವೇದಿಕೆಗೆ ಬಂದರೆ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತಿತ್ತು ಅಂತಾರೆ. ಅಂಥವರ ಪಕ್ಕದಲ್ಲಿ ಅಗ್ರಿಪಿನಾ ಯಾರ ಕಣ್ಣಿಗೂ ಬೀಳುವ ಹಾಗಿರಲಿಲ್ಲ.

ಆ ಶಾಲೆಯಲ್ಲಿ ಮಕ್ಕಳ ಯೋಗ್ಯತೆಯನ್ನು ಬಟ್ಟೆ ಬಣ್ಣವೇ ಹೇಳುತ್ತಿತ್ತು. ಸಾಮಾನ್ಯರಿಗೆ ಕಂದು. ಚೆನ್ನಾಗಿ ಮಾಡಿದವರಿಗೆ ಗುಲಾಬಿ. ಎಲ್ಲರಿಗಿಂತ ಮೇಲಿನವರಿಗೆ ಬಿಳಿ. ಅಂದರೆ ಪಕ್ಕದವಳು ನನಗಿಂತ ಮುಂದೆ ಇದ್ದಾಳೆ ಅನ್ನೋದು ದಿನಾ ಬೆಳಿಗ್ಗೆ ಎದ್ದ ಕೂಡಲೇ ಕಣ್ಣಿಗೆ ಹೊಡೆಯುತ್ತಿತ್ತು. ಮಕ್ಕಳ ಮನಸ್ಸಿಗೆ ಅದು ಎಷ್ಟು ನಾಟುತ್ತೆ ಅನ್ನೋದನ್ನ ಮಕ್ಕಳಿರುವ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಗುರುಗಳು ಸಾಮಾನ್ಯರಲ್ಲ. ಕ್ರಿಶ್ಚಿಯನ್ ಯೋಹಾನ್ಸನ್, ಪಾವೆಲ್ ಗೆರ್ಟ್, ಎಕಟೆರಿನಾ ವಾಜೆಮ್, ಎಲ್ಲರೂ ಆ ಕಾಲದ ಘಟಾನುಘಟಿಗಳು. ಆದರೆ ಅಂದಿನ ಪಾಠದ ರೀತಿ ಹೇಗಿತ್ತು ಅಂದ್ರೆ, ಗುರು ಮಾಡಿ ತೋರಿಸೋದು, ಮಕ್ಕಳು ನೋಡಿ ಮಾಡೋದು. ಮೈ ಒಗ್ಗಿದವರಿಗೆ ತಾನಾಗೇ ಬರುತ್ತಿತ್ತು. ಬರದವರಿಗೆ ಯಾಕೆ ಬರುತ್ತಿಲ್ಲ ಅಂತ ಬಿಡಿಸಿ ಹೇಳುವ ಪದ್ಧತಿ ಇನ್ನೂ ಬೆಳೆದಿರಲಿಲ್ಲ. ತಪ್ಪು ಅಂತ ಗೊತ್ತಾಗುತ್ತಿತ್ತು, ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತಿರಲಿಲ್ಲ.

ಆ ಉತ್ತರವನ್ನು ಅಗ್ರಿಪಿನಾ ತಾನೇ ಹುಡುಕಬೇಕಾಯಿತು. 1897ರಲ್ಲಿ ಶಾಲೆ ಮುಗಿಸಿ ಮರಿನ್‌ಸ್ಕಿ ತಂಡಕ್ಕೆ ಸೇರಿದರು. ಜಾಗ ಎಲ್ಲಿ? ಹಿಂದಿನ ಸಾಲಿನ ಗುಂಪಿನಲ್ಲಿ.

ಹಿಂದಿನ ಸಾಲಿನಿಂದ ಮುಂದಕ್ಕೆ

ಕೆಲಸ ಸಿಕ್ಕ ಮೇಲೂ ವಗಾನೋವಾ ಕಲಿಯುವುದನ್ನು ಬಿಡಲಿಲ್ಲ. ಆಗ ಪೀಟರ್ಸ್‌ಬರ್ಗ್‌ನಲ್ಲಿ ಎರಡು ಬಗೆಯ ಪಾಠ ನಡೆಯುತ್ತಿತ್ತು. ಒಂದು ಹಳೇ ಫ್ರೆಂಚ್ ಶೈಲಿ. ನೋಡಲು ಮೃದು, ಚೆಂದ, ಆದರೆ ಬಲ ಕಡಿಮೆ. ಇನ್ನೊಂದು ಇಟಲಿಯ ಶೈಲಿ. ಎನ್ರಿಕೊ ಚೆಕೆಟ್ಟಿ ಅನ್ನೋ ಇಟಲಿಯ ಗುರು ಅದನ್ನು ಕಲಿಸುತ್ತಿದ್ದರು. ಅದರಲ್ಲಿ ಬಲ ಇತ್ತು, ತಿರುಗುವುದರಲ್ಲಿ, ಹಾರುವುದರಲ್ಲಿ ಖಚಿತತೆ ಇತ್ತು. ಆದರೆ ತೋಳು ಸ್ವಲ್ಪ ಒರಟು.

ಚೆಕೆಟ್ಟಿ ಹತ್ತಿರ ಕಲಿತ ಹಿರಿಯ ನರ್ತಕಿ ಓಲ್ಗಾ ಪ್ರಿಯೊಬ್ರಜೆನ್‌ಸ್ಕಾ ಅವರನ್ನು ವಗಾನೋವಾ ಹತ್ತಿರದಿಂದ ನೋಡಿದರು, ಅವರಿಂದ ಕಲಿತರು. ಹಾರುವಾಗ ಬಲ ಎಲ್ಲಿಂದ ಬರುತ್ತೆ, ತಿರುಗುವಾಗ ತೋಳು ಏನು ಸಹಾಯ ಮಾಡುತ್ತೆ, ಬೆನ್ನು ಹೇಗೆ ಹಿಡಿದರೆ ತೂಕ ತಪ್ಪಲ್ಲ, ಹೀಗೆ ಒಂದೊಂದನ್ನೇ ಬಿಚ್ಚಿ ನೋಡಿದರು. ಗಡಿಯಾರ ರಿಪೇರಿಯವನು ಒಂದೊಂದೇ ಚಕ್ರ ತೆಗೆದು ಒರೆಸಿ ಮತ್ತೆ ಜೋಡಿಸ್ತಾನಲ್ಲ, ಆ ಥರ. ವ್ಯತ್ಯಾಸ ಇಷ್ಟೇ, ರಿಪೇರಿಗೆ ಬಂದ ಗಡಿಯಾರ ಆಕೆಯ ಸ್ವಂತ ಮೈ.

ನಿಧಾನವಾಗಿ ಫಲ ಬಂತು. ಬ್ಯಾಲೆಯ ನಡುವೆ ಒಬ್ಬರೇ ಕುಣಿಯುವ ಚಿಕ್ಕ ಭಾಗಗಳನ್ನು ವೇರಿಯೇಷನ್ ಅಂತಾರೆ. ಒಂದು ಒಂದೂವರೆ ನಿಮಿಷದ ಕುಣಿತ, ಆದರೆ ತಪ್ಪು ಮುಚ್ಚಿಡಲು ಜಾಗವೇ ಇಲ್ಲ. ವಗಾನೋವಾ ಅದರಲ್ಲಿ ಎಷ್ಟು ಪಳಗಿದರು ಅಂದ್ರೆ, ನಗರದ ಬ್ಯಾಲೆ ರಸಿಕರು ಅವರನ್ನು ವೇರಿಯೇಷನ್‌ಗಳ ರಾಣಿ ಅಂತಲೇ ಕರೆದರು.

ಆದರೂ ದೊಡ್ಡವರ ಮೆಚ್ಚುಗೆ ಸಿಗಲಿಲ್ಲ. ಮರಿನ್‌ಸ್ಕಿಯ ಬ್ಯಾಲೆಗಳನ್ನು ಕಟ್ಟಿದ ಮಹಾಗುರು ಮಾರಿಯಸ್ ಪೆಟಿಪಾ ತಮ್ಮ ದಿನಚರಿಯಲ್ಲಿ ವಗಾನೋವಾ ಕುಣಿತದ ಬಗ್ಗೆ ಬರೆದಿದ್ದು ಬರೀ ತೆಗಳಿಕೆ. ಸ್ವಾನ್ ಲೇಕ್‌ನ ಮುಖ್ಯ ಪಾತ್ರ ಸಿಗುವ ಹೊತ್ತಿಗೆ ವಯಸ್ಸು ಮೂವತ್ತು ದಾಟಿತ್ತು. ಬ್ಯಾಲರೀನಾ ಅನ್ನೋ ಪದವಿ ಅಲ್ಲಿ ಎಲ್ಲ ನರ್ತಕಿಯರಿಗೂ ಸಿಗುತ್ತಿರಲಿಲ್ಲ. ಅದು ಎಲ್ಲಕ್ಕಿಂತ ಮೇಲಿನ ದರ್ಜೆ. ಅದು ವಗಾನೋವಾಗೆ ಸಿಕ್ಕಿದ್ದು 1915ರಲ್ಲಿ. ಮಾರನೇ ವರ್ಷ, 1916ರಲ್ಲಿ, ನಿವೃತ್ತಿ.

ಹದಿನೆಂಟು ವರ್ಷ ಕಾದು ಏಣಿಯ ಕೊನೇ ಮೆಟ್ಟಿಲು ಹತ್ತಿದರು. ಹತ್ತಿದ ಕೂಡಲೇ ಇಳಿಯುವ ಹೊತ್ತು ಬಂತು.

ಮನೆ ಮುಳುಗಿದ ವರ್ಷ

1917ರಲ್ಲಿ ರಷ್ಯಾದಲ್ಲಿ ಕ್ರಾಂತಿ ಆಯ್ತು. ಚಕ್ರವರ್ತಿಯೂ ಹೋದ, ಅವನ ರಂಗಮಂದಿರದ ಹಳೇ ವ್ಯವಸ್ಥೆಯೂ ಹೋಯ್ತು. ವಗಾನೋವಾ ಅವರ ಜೀವನ ಸಂಗಾತಿ ಆಂದ್ರೇಯ್ ಪೊಮೆರಾನ್ಸೆವ್ ಸೈನ್ಯದ ನಿವೃತ್ತ ಅಧಿಕಾರಿ. ಬದಲಾದ ಕಾಲವನ್ನು ತಾಳಲಾರದೆ ಅದೇ ವರ್ಷದ ಕ್ರಿಸ್‌ಮಸ್ ಹೊತ್ತಿನಲ್ಲಿ ಮನೆಯಲ್ಲೇ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟರು.

ಉಳಿದದ್ದು ಚಿಕ್ಕ ಮಗ. ಜೊತೆಗೆ ತೀರಿಕೊಂಡ ಅಕ್ಕನ ಮಕ್ಕಳ ಜವಾಬ್ದಾರಿ. ಊರಲ್ಲಿ ಬ್ರೆಡ್ಡಿಗೆ, ಸೌದೆಗೆ ಪರದಾಟ. ಮೂವತ್ತೆಂಟು ದಾಟಿದ ನಿವೃತ್ತ ನರ್ತಕಿ ಮತ್ತೆ ಗೆಜ್ಜೆ ಕಟ್ಟಿದ ಹಾಗೆ ಕುಣಿಯೋ ಷೂ ಹಾಕಿಕೊಂಡರು. ಸಣ್ಣಪುಟ್ಟ ವೇದಿಕೆಗಳಲ್ಲಿ, ಸಿನಿಮಾ ಮಂದಿರದಲ್ಲಿ ಆಟ ಶುರುವಾಗುವ ಮುನ್ನ ಕುಣಿದು ಸಂಸಾರ ನಡೆಸಿದರು. ಸ್ವಾನ್ ಲೇಕ್ ಕುಣಿದವರು ಸಿನಿಮಾ ಟಾಕೀಸಿನಲ್ಲಿ ಕುಣಿದರು. ಹೊಟ್ಟೆಪಾಡಿನ ಮುಂದೆ ಪದವಿ ನಡೆಯಲ್ಲ ಅನ್ನೋದು ಎಲ್ಲ ಊರಿನ ಮಾತೇ.

ಇದೇ ಹೊತ್ತಿನಲ್ಲಿ ಅವರು ಪಾಠ ಹೇಳಲು ಶುರು ಮಾಡಿದರು. ಮೊದಲು ಬಾಲ್ಟಿಕ್ ನೌಕಾಪಡೆಯ ಹೆಸರಿನಲ್ಲಿ ನಡೆಯುತ್ತಿದ್ದ ಬ್ಯಾಲೆ ಶಾಲೆಯಲ್ಲಿ. ಆಮೇಲೆ 1921ರಲ್ಲಿ ತಾವು ಓದಿದ ಹಳೇ ಶಾಲೆಗೇ ಶಿಕ್ಷಕಿಯಾಗಿ ಬಂದರು.

ಬ್ಯಾಲೆ ಬೇಕೇ ಬೇಡವೇ ಅನ್ನೋ ಚರ್ಚೆ ಆಗ ಜೋರಾಗಿತ್ತು. ಇದು ಅರಸರ ಕಾಲದ ಶೋಕಿ, ಹೊಸ ಸಮಾಜಕ್ಕೆ ಯಾಕೆ ಅಂತ ಕೇಳುವವರಿದ್ದರು. ಹಳೇ ಪಾಠ ಬಿಟ್ಟು ಸರ್ಕಸ್ಸು, ವ್ಯಾಯಾಮ ಕಲಿಸಿ ಅನ್ನುವವರೂ ಇದ್ದರು. ವಗಾನೋವಾ ವಾದಕ್ಕಿಂತ ಜಾಸ್ತಿ ತಮ್ಮ ತರಗತಿಯಲ್ಲೇ ಉತ್ತರ ಕೊಟ್ಟರು.

ತರಗತಿಯಲ್ಲಿ ಏನು ನಡೆಯುತ್ತಿತ್ತು?

ಬ್ಯಾಲೆ ಪಾಠ ಶುರುವಾಗೋದು ಗೋಡೆ ಬದಿಯ ಮರದ ಕಂಬಿಯ ಹತ್ತಿರ. ಅದನ್ನು ಬಾರ್ ಅಂತಾರೆ. ಅದನ್ನು ಹಿಡಿದು ಮಂಡಿ ಬಗ್ಗಿಸೋದು, ಕಾಲು ಚಾಚೋದು, ಸುತ್ತಿಸೋದು. ಆಮೇಲೆ ಕಂಬಿ ಬಿಟ್ಟು ಕೋಣೆಯ ನಡುವೆ ಅದನ್ನೇ ಮಾಡೋದು. ಆಮೇಲೆ ನಿಧಾನದ ಕುಣಿತ, ಹಾರಾಟ, ಕೊನೆಗೆ ಕಾಲ್ಬೆರಳ ತುದಿಯ ಮೇಲೆ ನಿಲ್ಲೋದು. ಈ ಕ್ರಮ ಮೊದಲೂ ಇತ್ತು. ವಗಾನೋವಾ ಮಾಡಿದ್ದು ಏನು?

ಮೊದಲನೆಯದು, ಕಾಲಿನ ಪಾಠ ಕಾಲಿಗೆ ಮಾತ್ರ ಅಲ್ಲ ಅಂದರು. ಕಾಲು ಚಾಚಿದಾಗ ತೋಳು ಎಲ್ಲಿದೆ, ತಲೆ ಎತ್ತ ತಿರುಗಿದೆ, ಕಣ್ಣು ಎಲ್ಲಿ ನೋಡ್ತಿದೆ, ಬೆನ್ನು ನೆಟ್ಟಗಿದೆಯೇ, ಎಲ್ಲವನ್ನೂ ಮೊದಲ ವರ್ಷದಿಂದಲೇ ಒಟ್ಟಿಗೆ ಕಲಿಸಿದರು. ಫ್ರೆಂಚರ ಮೃದುತನ, ಇಟಲಿಯವರ ಬಲ, ರಷ್ಯನ್ನರ ಭಾವ, ಮೂರನ್ನೂ ಒಂದು ಪಾಠದಲ್ಲಿ ಸೇರಿಸಿದರು.

ಎರಡನೆಯದು, ಅವಸರಕ್ಕೆ ಜಾಗ ಇಲ್ಲ. ಎಂಟು ವರ್ಷಗಳ ಪಾಠಕ್ರಮ. ಯಾವ ವರ್ಷ ಏನು ಕಲಿಯಬೇಕು, ಅದಕ್ಕೆ ಮುಂಚೆ ಯಾವುದು ಗಟ್ಟಿಯಾಗಿರಬೇಕು ಅನ್ನೋ ಲೆಕ್ಕ. ಚಿಕ್ಕವರು ಎರಡೂ ಕೈಯಲ್ಲಿ ಕಂಬಿ ಹಿಡಿದು, ಬಹಳ ನಿಧಾನದ ತಾಳಕ್ಕೆ, ಒಂದೊಂದು ಚಲನೆಯನ್ನೂ ತುಂಡು ತುಂಡಾಗಿ ಕಲಿಯಬೇಕು. ಬೆನ್ನು, ಕಣಕಾಲು ಗಟ್ಟಿಯಾಗದೆ ಮುಂದಿನದು ಇಲ್ಲ. ಅಡಿಪಾಯ ಒಣಗುವ ಮೊದಲು ಗೋಡೆ ಎಬ್ಬಿಸಿದರೆ ಏನಾಗುತ್ತೆ ಅಂತ ನಮ್ಮ ಗಾರೆ ಮೇಸ್ತ್ರಿಗಳನ್ನ ಕೇಳಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮಗು ಮಾಡಿ ತೋರಿಸಿದರೆ ಸಾಲದು, ಯಾಕೆ ಹಾಗೆ ಮಾಡಿದೆ ಅಂತ ಹೇಳಲೂ ಬರಬೇಕು. ತಿರುಗುವಾಗ ಬಿದ್ದೆಯಾ? ಸರಿ, ಯಾಕೆ ಬಿದ್ದೆ? ತೋಳು ತಡವಾಯ್ತೋ, ಭುಜ ಎದ್ದಿತೋ, ತೂಕ ಹಿಮ್ಮಡಿಗೆ ಹೋಯ್ತೋ? ಉತ್ತರ ಹುಡುಕಿ ಮತ್ತೆ ಮಾಡು. ವಗಾನೋವಾ ಮಾತು ಖಾರ ಇತ್ತು, ಶಿಸ್ತು ಕಠಿಣ ಇತ್ತು. ಆದರೆ ತಪ್ಪು ಎಲ್ಲಿದೆ ಅಂತ ತಿಳಿಯದೆ ಯಾವ ಮಗುವೂ ಕೋಣೆಯಿಂದ ಹೊರಗೆ ಹೋಗಬಾರದು ಅನ್ನೋದು ಅವರ ಪಾಠದ ತಿರುಳು. ತಾವು ಚಿಕ್ಕವರಿದ್ದಾಗ ಯಾರೂ ಹೇಳದೇ ಹೋದದ್ದನ್ನು ತಮ್ಮ ಮಕ್ಕಳಿಗೆ ಹೇಳಿದರು.

ಪರೀಕ್ಷೆ ಬೇಡ ಅನ್ನಲಿಲ್ಲ ಅವರು. ಆ ಶಾಲೆಯಲ್ಲಿ ಪ್ರತಿ ವರ್ಷ ಪರೀಕ್ಷಕರ ಮುಂದೆ ತರಗತಿ ತೋರಿಸಬೇಕಿತ್ತು, ಇವತ್ತಿಗೂ ತೋರಿಸಬೇಕು. ವ್ಯತ್ಯಾಸ ಏನಂದ್ರೆ, ಪರೀಕ್ಷೆಗಾಗಿ ಬೇರೆ ಐಟಂ ಉರು ಹೊಡೆಸುವ ಗೋಜಿಲ್ಲ. ಅಲ್ಲಿ ತೋರಿಸುವುದು ವರ್ಷವಿಡೀ ಕಲಿತ ಪಾಠವನ್ನೇ. ಅದೇ ಬಾರ್, ಅದೇ ಹಾರಾಟ, ಅದೇ ಕ್ರಮ.

ಇಬ್ಬರು ಹುಡುಗಿಯರು

ವಗಾನೋವಾ ಪಾಠದ ಮೊದಲ ದೊಡ್ಡ ಫಲ 1925ರಲ್ಲಿ ಬಂತು. ಆ ವರ್ಷ ಮರೀನಾ ಸೆಮ್ಯೋನೋವಾ ಪಾಸಾಗಿ ವೇದಿಕೆಗೆ ಬಂದಾಗ ಜನ ದಂಗಾದರು. ಬಲ, ಠೀವಿ, ಬೆನ್ನಿನ ಚೆಲುವು, ಹಾರಾಟ, ಎಲ್ಲ ಒಟ್ಟಿಗೆ. ಬ್ಯಾಲೆ ಮುಗಿದುಹೋಯ್ತು ಅನ್ನುತ್ತಿದ್ದವರ ಬಾಯಿ ಮುಚ್ಚಿತು.

ಮೂರು ವರ್ಷ ಬಿಟ್ಟು, 1928ರಲ್ಲಿ, ಗಲೀನಾ ಉಲಾನೋವಾ. ಅಪ್ಪ ಅಮ್ಮ ಇಬ್ಬರೂ ನರ್ತಕರು, ಮೊದಲ ಪಾಠ ಅಮ್ಮನದೇ. ಸೆಮ್ಯೋನೋವಾ ಬೆಂಕಿಯಾದರೆ ಉಲಾನೋವಾ ಮೌನ, ಸಂಕೋಚ, ಒಳಗಿನ ಭಾವ. ಅವಳನ್ನು ಸೆಮ್ಯೋನೋವಾ ಥರ ಮಾಡಲು ವಗಾನೋವಾ ಹೋಗಲಿಲ್ಲ. ಪಾಠ ಒಂದೇ, ಮಕ್ಕಳು ಬೇರೆ ಬೇರೆ. ಆ ಮೌನವನ್ನೇ ಉಲಾನೋವಾ ಶಕ್ತಿಯಾಗಿ ಬೆಳೆಸಿಕೊಂಡರು. 1956ರಲ್ಲಿ ಲಂಡನ್‌ನಲ್ಲಿ ಕುಣಿದಾಗ ನಲವತ್ತಾರು ವರ್ಷದ ಉಲಾನೋವಾಗೆ ಆ ನಗರವೇ ತಲೆಬಾಗಿತು.

ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಯಾರು ಮೇಲು ಅಂತ ಕೇಳಿದ್ದರೆ ಇಬ್ಬರಲ್ಲಿ ಒಬ್ಬರು ಕಳೆದುಹೋಗುತ್ತಿದ್ದರೇನೋ.

ಪುಸ್ತಕ, ವೇದಿಕೆ, ಯುದ್ಧ

1931ರಿಂದ 1937ರವರೆಗೆ ವಗಾನೋವಾ ಅದೇ ಮರಿನ್‌ಸ್ಕಿ ತಂಡದ ಕಲಾ ನಿರ್ದೇಶಕಿ. ಊರಿನ ಹೆಸರು ಆಗ ಲೆನಿನ್‌ಗ್ರಾಡ್ ಆಗಿತ್ತು. ರಂಗಮಂದಿರಕ್ಕೂ ಕಿರೋವ್ ಅನ್ನೋ ಹೊಸ ಹೆಸರು ಬಂತು. ಹಿಂದಿನ ಸಾಲಿನಲ್ಲಿ ನಿಂತ ಹುಡುಗಿ, ಸೀಟು ತೋರಿಸುವವನ ಮಗಳು, ಈಗ ಇಡೀ ತಂಡದ ಯಜಮಾನಿ. 1933ರಲ್ಲಿ ಸ್ವಾನ್ ಲೇಕ್, 1935ರಲ್ಲಿ ಎಸ್ಮೆರಾಲ್ಡಾ ಬ್ಯಾಲೆಗಳನ್ನು ಹೊಸದಾಗಿ ಕಟ್ಟಿದರು. ಆ ಎಸ್ಮೆರಾಲ್ಡಾದಲ್ಲಿ ಡಯಾನಾ ಮತ್ತು ಆಕ್ಟಿಯಾನ್ ಅನ್ನೋ ಜೋಡಿ ಕುಣಿತ ಇದೆ. ಇವತ್ತು ಯಾವುದೇ ದೇಶದ ಬ್ಯಾಲೆ ಸ್ಪರ್ಧೆಗೆ ಹೋಗಿ, ಎಳೆಯ ನರ್ತಕರು ಅದನ್ನು ಆರಿಸಿಕೊಂಡಿರ್ತಾರೆ. ವೇರಿಯೇಷನ್‌ಗಳ ರಾಣಿ ಇವತ್ತಿಗೂ ಮಕ್ಕಳನ್ನು ಸ್ಪರ್ಧೆಗೆ ಕಳಿಸ್ತಾನೇ ಇದ್ದಾರೆ ಅನ್ನಬಹುದು. ಅವರ ಹೆಸರಿನಲ್ಲೇ ಒಂದು ಅಂತರರಾಷ್ಟ್ರೀಯ ಸ್ಪರ್ಧೆಯೂ ಇದೆ.

1934ರಲ್ಲಿ ಅವರ ಪುಸ್ತಕ ಬಂತು. ಶಾಸ್ತ್ರೀಯ ನೃತ್ಯದ ಮೂಲ ತತ್ವಗಳ ಬಗ್ಗೆ. ಅದರಲ್ಲಿ ಒಂದೊಂದು ಚಲನೆಯ ವಿವರ, ಚಿತ್ರ, ಕೊನೆಗೆ ಸಂಗೀತ ಸಮೇತ ಒಂದು ಮಾದರಿ ಪಾಠ. ಜಂಬದ ಮಾತಿಲ್ಲ, ಆತ್ಮಕಥೆ ಇಲ್ಲ, ಕೆಲಸದ ಮಾತು ಮಾತ್ರ. ಅದು ಎಷ್ಟೋ ಭಾಷೆಗಳಿಗೆ ಹೋಯಿತು. ಗುರುವಿನ ಮೈಯಲ್ಲಿ ಮಾತ್ರ ಇದ್ದ ವಿದ್ಯೆ ಹೀಗೆ ಕಾಗದಕ್ಕೆ ಬಂತು. ಆಕೆಯನ್ನು ನೋಡದ ಶಿಕ್ಷಕರೂ ಆಕೆಯ ಪಾಠ ಹೇಳುವಂತಾಯಿತು.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಲೆನಿನ್‌ಗ್ರಾಡ್ ನಗರಕ್ಕೆ ಮುತ್ತಿಗೆ ಹಾಕಿತು. ರಂಗಮಂದಿರ, ಶಾಲೆ ಎಲ್ಲವನ್ನೂ ದೂರದ ಪೆರ್ಮ್ ಪ್ರದೇಶಕ್ಕೆ ಸಾಗಿಸಿದರು. ಅಲ್ಲಿ ಚಳಿ, ಹಸಿವಿನ ನಡುವೆಯೂ ಪಾಠ ನಿಲ್ಲಲಿಲ್ಲ. ಯುದ್ಧ ಮುಗಿದ ಮೇಲೆ ವಗಾನೋವಾ ಮತ್ತೆ ತಮ್ಮ ಊರಲ್ಲಿ ತರಗತಿ ಮುಂದುವರಿಸಿದರು. ಕೊನೆಯ ತಂಡದಲ್ಲಿ ಕಲಿತವರಲ್ಲಿ ಒಬ್ಬರು ಇರೀನಾ ಕೊಲ್ಪಾಕೋವಾ. 1951ರಲ್ಲಿ ಪಾಸಾದ ಅವರೂ ಮುಂದೆ ದೊಡ್ಡ ಹೆಸರು ಮಾಡಿದರು, ಗುರುವಾಗಿಯೂ ಕಲಿಸಿದರು.

ಅದೇ ವರ್ಷ, 1951ರ ನವೆಂಬರ್ 5ರಂದು, ವಗಾನೋವಾ ತೀರಿಕೊಂಡರು. ಎಪ್ಪತ್ತೆರಡು ವರ್ಷ. 1957ರಲ್ಲಿ ಶಾಲೆಗೆ ಅವರ ಹೆಸರನ್ನೇ ಇಟ್ಟರು. ಚಿಕ್ಕಂದಿನಲ್ಲಿ ಮೈಕಟ್ಟು ಸಾಲದು ಅನ್ನಿಸಿಕೊಂಡವಳ ಹೆಸರು ಈಗ ಅದೇ ಬಾಗಿಲ ಮೇಲಿದೆ. ಪ್ರತಿ ವರ್ಷ ಹತ್ತು ವರ್ಷದ ಮಕ್ಕಳು ಎದೆ ಹೊಡೆದುಕೊಳ್ಳುತ್ತಾ ಆ ಬಾಗಿಲು ದಾಟಿ ಆಯ್ಕೆಗೆ ಹೋಗ್ತಾರೆ.

ನಮಗೇನು ಇದರಿಂದ?

ಬ್ಯಾಲೆ ನಮ್ಮ ಕಡೆಯ ಕಲೆ ಅಲ್ಲ. ಬೆಂಗಳೂರಿನಂಥ ಊರಲ್ಲಿ ಕಲಿಯುವ ಮಕ್ಕಳಿದ್ದಾರೆ ಬಿಟ್ಟರೆ, ನಮ್ಮ ತಾಲ್ಲೂಕಿಗೆ ಅದು ದೂರದ ಮಾತು. ಆದರೆ ಪರೀಕ್ಷೆಗೆ ಹೋಗುವ ಮಗುವಿನ ಮುಖ ಎಲ್ಲ ಕಡೆ ಒಂದೇ. ಜೂನಿಯರ್ ಇರಲಿ, ಸೀನಿಯರ್ ಇರಲಿ, ವಿದ್ವತ್ ಇರಲಿ.

ಸ್ಪರ್ಧೆ ಮುಗಿಸಿ ಬಂದ ಮಗುವನ್ನು ಎಷ್ಟನೇ ಪ್ರೈಜು ಅಂತ ಕೇಳೋದು ನಮ್ಮ ಅಭ್ಯಾಸ. ಕೇಳಿ, ತಪ್ಪಿಲ್ಲ. ಆದರೆ ಅದಾದ ಮೇಲೆ ಇನ್ನೊಂದು ಕೇಳಿ: ಇವತ್ತು ಎಲ್ಲಿ ತಪ್ಪಿತು, ಯಾಕೆ ತಪ್ಪಿತು, ನಿನಗೆ ಗೊತ್ತಾಯ್ತಾ? ಗೊತ್ತಾಯ್ತು ಅಂದರೆ ಮಗು ಸರಿಯಾದ ಗುರುವಿನ ಹತ್ತಿರ ಇದೆ ಅಂತ ಲೆಕ್ಕ. ಗೊತ್ತಿಲ್ಲ ಅಂದರೆ ಬೈಯಬೇಡಿ. ಮಾರನೇ ದಿನ ಮಗುವಿನ ಜೊತೆ ನೀವೂ ಕ್ಲಾಸಿಗೆ ಹೋಗಿ, ಗುರುಗಳನ್ನೇ ವಿನಯವಾಗಿ ಕೇಳಿ. ಅಂಗಡಿ ಬಾಗಿಲು ಅರ್ಧ ಗಂಟೆ ತಡವಾಗಿ ತೆಗೆದರೆ ಗಿರಾಕಿಗಳು ಎಲ್ಲೂ ಹೋಗಲ್ಲ.